ಕುದ್ರುವಿನಲ್ಲಿ ಬಿಟ್ಟುಬಂದ ಮಗು

ನನ್ನ ತಂಗಿಗೆ ಕಾಯಿಲೆಯಾದಾಗಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಲು ಹೊರಟರೆ ಎಲ್ಲವನ್ನೂ ನನಗೆ ಬೇಕಾದ ಹಾಗೆ ತಿರುಗಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ತ್ರಾಸಿಯ ಹತ್ತಿರ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಪ್ಪಯ್ಯ ಬೋಟಿಗೆ ಹೋಗುತ್ತಿದ್ದರು. ಅಮ್ಮ ಮೀನಿನ ಬುಟ್ಟಿ ಹೊತ್ತು ಹೆಮ್ಮಾಡಿಯ ಕಡೆ ಮನೆಮನೆಗೆ ಹೋಗುತ್ತಿದ್ದಳು. ತಂಗಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂದು ನನ್ನನ್ನು ಶಾಲೆ ಬಿಡಿಸಿದರು. ಮುಂದೆ ಅದೇ ತಂಗಿ ಕಾಲೇಜಿಗೂ ಹೋದಳು. ನಮ್ಮಿಬ್ಬರ ನಡುವೆ ಇನ್ನೊಂದು ಹೆಣ್ಣುಮಗು ಹುಟ್ಟಿ ತೊಟ್ಟಿಲಲ್ಲೇ ಹೋಗಿತ್ತು. ಅದಕ್ಕೆ ಸಿಗಬೇಕಾದ ಪ್ರೀತಿಯೂ ಸೇರಿ ಇವಳಿಗೇ ಸಿಕ್ಕಿತು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಸಾರಿಗೆ ಬಂಗುಡೆ ಕೊಯ್ದರೆ ತಲೆ ಅಪ್ಪಯ್ಯನಿಗೆ, ನಡು ತುಂಡು ತಂಗಿಗೆ, ಬಾಲ ನನಗೆ. ಕೇಳಿದರೆ ಅಮ್ಮ, "ಅದ್ ಸಣ್ಣದಲ್ದಾ ಹೆಣೆ, ಮುಳ್ಳ್ ಸಿಕ್ಕಿದ್ರೆ?" ಎನ್ನುತ್ತಿದ್ದಳು. ನನ್ನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಳ್ಳುವುದಿಲ್ಲ ಎಂದು ಅಮ್ಮನಿಗೆ ಯಾರು ಹೇಳಿದ್ದರೋ.

ಒಂದು ಸಲ ಬೊಂಬಾಯಿಯ ಮಾವ ಊರಿಗೆ ಬಂದರು. ಒಂದೇ ಒಂದು ಅಂಗಿ ತಂದಿದ್ದರು, ಕೆಂಪು ಬಣ್ಣದ್ದು, ಕೆಳಗೆ ಬಿಳಿ ಲೇಸು. ಅದು ತಂಗಿಯ ಅಳತೆಗೆ ಸರಿಯಾಯಿತು. ಮಾವ ನನ್ನ ತಲೆ ಸವರಿ, "ಮುಂದಿನ್ ಸಲ ನಿಂಗೆ" ಎಂದರು.

ಮರುದಿನ ಹೊಳೆಯ ನೀರು ಇಳಿದಾಗ ಸಾರಿಗೆ ಚಿಪ್ಪು ಹೆಕ್ಕಲು ಹೊರಟೆವು. ತಂಗಿ ಆ ಅಂಗಿ ಬಿಚ್ಚಲು ಒಪ್ಪಲಿಲ್ಲ. ದಾರಿಯಲ್ಲಿ ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ ಕೂಗಿದಳು: "ಹ್ವಾಯ್, ರಾಣಿ ಮುಂದೆ, ದಾಸಿ ಹಿಂದೆ! ಎಲ್ಲಿಗ್ ಮೆರವಣಿಗಿ?" ತಂಗಿ ನಕ್ಕಳು. ಅವಳಿಗೆ ಆಗ ಆರು ವರ್ಷ ಇರಬೇಕು. ಏನು ಅರ್ಥವಾಗಿ ನಗುತ್ತಾಳೆ? ಆದರೆ ಆ ನಗು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು.

ಹೊಳೆಯ ನಡುವೆ ಒಂದು ಕುದ್ರು ಇದೆ. ನೀರು ಇಳಿದಾಗ ನಡೆದೇ ಹೋಗಬಹುದಾದ ಮರಳಿನ ದಿಬ್ಬ. ಕಡಲಿನ ಉಬ್ಬರಕ್ಕೆ ನೀರು ಏರಿದರೆ ಅದು ಕಾಣುವುದೇ ಇಲ್ಲ. ನಮ್ಮ ಕಡೆ ಮಕ್ಕಳಿಗೂ ನೀರು ಏರುವ ಹೊತ್ತು ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಬುಟ್ಟಿ ತುಂಬಿದ ಮೇಲೆ, "ಇಲ್ಲೇ ಕೂಕೊ, ಈಗ ಬತ್ತೆ" ಎಂದು ಹೇಳಿ ದಡಕ್ಕೆ ಬಂದೆ. ಸ್ವಲ್ಪ ಹೆದರಲಿ, ಅಂಗಿ ಒದ್ದೆಯಾಗಲಿ ಎಂದಷ್ಟೇ ಇತ್ತು. ತಿರುಗಿ ನೋಡಲಿಲ್ಲ. ಮನೆಗೆ ಬಂದು ಚಿಪ್ಪು ತೊಳೆಯುತ್ತ ಕೂತೆ. ಹೋಗಬೇಕು, ಹೋಗಬೇಕು ಅನಿಸುತ್ತಿತ್ತು. ಇನ್ನೊಂದು ಮುಷ್ಟಿ ತೊಳೆದು ಹೋಗುತ್ತೇನೆ ಎಂದುಕೊಳ್ಳುತ್ತಿದ್ದೆ.

ಅವಳನ್ನು ಕರೆತಂದದ್ದು ಬಲೆ ಬೀಸಲು ದೋಣಿಯಲ್ಲಿ ಹೋಗಿದ್ದ ಊರಿನವರೊಬ್ಬರು. ನೀರು ಎದೆಯವರೆಗೆ ಬಂದಿತ್ತಂತೆ. ಅಂಗಿಯ ಲೇಸು ನೆನೆಯಬಾರದು ಎಂದು ಎರಡೂ ಕೈಯಲ್ಲಿ ಮೇಲೆ ಎತ್ತಿ ಹಿಡಿದುಕೊಂಡು ನಿಂತಿದ್ದಳಂತೆ. ದೋಣಿ ಹತ್ತು ಎಂದರೆ ಹತ್ತಲಿಲ್ಲವಂತೆ. "ಅಕ್ಕ ಬತ್ಲ್, ಅಕ್ಕ ಬತ್ಲ್" ಎಂದು ನಾನು ಬರುವುದನ್ನೇ ಕಾಯುತ್ತಿದ್ದಳಂತೆ. ಅವರು ಎತ್ತಿ ಹಾಕಿಕೊಂಡು ಬಂದರು.

ಅಮ್ಮ ಕೇಳುವ ಮೊದಲೇ ನಾನು ಹೇಳಿದೆ: "ನಾ ಬಾ ಬಾ ಅಂದೆ ಅಮ್ಮ. ಹೇಳದ್ ಕೇಣ್ಲಿಲ್ಲ. ಬಾ ಅಂದ್ರೂ ಬರ್ಲಿಲ್ಲ."

ಅಮ್ಮ ಹೆದರಿಕೆಯಲ್ಲೇ ತೆಂಗಿನ ಕಡ್ಡಿ ಎತ್ತಿಕೊಂಡು ತಂಗಿಗೆ ಹೊಡೆದಳು. ತಂಗಿ ಅಲ್ಲ ಎನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಆ ದಿನದ ಮಾತು ಮನೆಯಲ್ಲಿ ಬರಲಿಲ್ಲ. ಅವಳು ಮರೆತಳು. ಮರೆತದ್ದು ನನ್ನ ಪುಣ್ಯ ಎಂದುಕೊಂಡೆ.

ತಂಗಿ ಈಗ ಬ್ರಹ್ಮಾವರದಲ್ಲಿದ್ದಾಳೆ. ಗಂಡ ರಿಕ್ಷಾ ಓಡಿಸುತ್ತಾನೆ, ಒಳ್ಳೆಯವನು. ಮಗು ಹುಟ್ಟಿದ ವರ್ಷ ಮಳೆಗೆ ಅವರ ಅಂಗಳದಲ್ಲಿ ನೀರು ನಿಂತು ಮೆಟ್ಟಿಲಿನವರೆಗೆ ಏರಿತು. ಅವಳು ಮಗುವನ್ನು ಎತ್ತಿಕೊಂಡು ಮೇಜು ಹತ್ತಿ ನಿಂತವಳು ಇಳಿಯಲೇ ಇಲ್ಲ. ಗಂಡ ಫೋನು ಮಾಡಿದ: "ಅಕ್ಕಾ, ಬೇಗ ಬನ್ನಿ. ಇವ್ಳ್ ಸಣ್ಣ ಮಕ್ಕಳ ಸ್ವರದಲ್ಲಿ ಎಂತೆಂತದೋ ಹೇಳ್ತಾ ಇದ್ಲ್."

ನಾನೂ ಅಮ್ಮನೂ ಹೋದಾಗ ಇಳಿದಿದ್ದಳು, ಆದರೆ ಕಾಲು ನೆಲಕ್ಕೆ ತಾಗಿಸುತ್ತಿರಲಿಲ್ಲ. ಅಕ್ಕಪಕ್ಕದವರು ಸುತ್ತ ನಿಂತಿದ್ದರು. ಒಬ್ಬಳು ಬೊಂಡ ಕೆತ್ತಿ ತಂದು ಎಳನೀರು ಬಾಯಿಗೆ ಹಿಡಿದಳು, ಇನ್ನೊಬ್ಬಳು ಬೆನ್ನು ನೀವುತ್ತಿದ್ದಳು. ನನಗೆ ಜ್ವರ ಬಂದು ಮಲಗಿದರೆ ಗಂಜಿ ಬೇಯಿಸಿಕೊಳ್ಳುವವಳೂ ನಾನೇ. ಮತ್ತೆ ರಾಣಿಯಾದಳು ಎಂದು ನನ್ನ ಮನಸ್ಸು ಹೇಳಿತು. ಆಗಲೇ ಅವಳ ಬಾಯಿಂದ ಬಂತು, ತೆಳ್ಳಗಿನ ಮಗುವಿನ ಸ್ವರ: "ಅಕ್ಕ ಬತ್ಲ್."

ನನಗೆ ಎಲ್ಲ ಗೊತ್ತಾಯಿತು. ಉಳಿದವರಿಗೆ ಯಾವುದೋ ಸತ್ತ ಮಗು ಅವಳ ಮೈಮೇಲೆ ಬಂದಿದೆ ಎಂದು ತೋಚಿತು. ನಿಮಿತ್ತ ಹೇಳುವವರ ಹತ್ತಿರ ಹೋದೆವು. ಅವರು ಕವಡೆ ಸರಿಸುತ್ತ, "ಮನೆಯಂಗೆ ಸಣ್ಣದ್ರಲ್ಲೇ ಹೋದ ಹೆಣ್ ಇತ್ತಾ?" ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ: "ಇತ್ತ್. ತೊಟ್ಲಂಗೇ ಹೋದದ್." ತೊಟ್ಟಿಲಲ್ಲಿ ಸತ್ತ ಮಗುವಿಗೆ ಅಕ್ಕ ಎನ್ನುವ ಮಾತು ಎಲ್ಲಿಂದ ಬರಬೇಕು? ಅದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು.

ಸತ್ತ ಮಗುವಿನ ಲೆಕ್ಕದಲ್ಲಿ ಎಲೆ ಹಾಕಿ ಬಡಿಸುವುದೆಂದಾಯಿತು. ಪುಟ್ಟ ಲಂಗ, ಗಾಜಿನ ಬಳೆ ತಂದರು. ಅಮ್ಮ ಬಂಗುಡೆಯ ನಡು ತುಂಡನ್ನು ಆರಿಸಿ ಎಲೆಗೆ ಹಾಕಿದಳು. ಸತ್ತವಳಿಗೂ ನಡು ತುಂಡೇ. ತಪ್ಪು ಮುಚ್ಚಿಹೋಯಿತೆಂದು ಸಮಾಧಾನಪಡಬೇಕಾದ ಹೊತ್ತಿನಲ್ಲೂ ನಾನು ಆ ಮೀನನ್ನೇ ನೋಡುತ್ತಿದ್ದೆ.

ಬಡಿಸಿದ್ದರಿಂದ ಏನೂ ಆಗಲಿಲ್ಲ. ಮುಂದಿನ ಮಳೆಗೆ ತಂಗಿ ಮತ್ತೆ ಮೇಜು ಹತ್ತಿದಳು. ಮಗುವನ್ನು ಲಸಿಕೆಗೆ ಕರೆಯಲು ಬಂದ ಆಶಾ ಕಾರ್ಯಕರ್ತೆ ಇದನ್ನು ಕಂಡು, ಕುಂದಾಪುರದ ಒಂದು ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಕೌನ್ಸೆಲಿಂಗ್ ಮಾಡುವ ಮೇಡಂ ಇದ್ದರು. ಒಬ್ಬಳೇ ಒಳಗೆ ಹೋಗಲು ತಂಗಿ ಒಪ್ಪಲಿಲ್ಲ. "ಅಕ್ಕ ಇರ್ಲಿ" ಎಂದಳು.

ಮೇಡಂ ಯಾರನ್ನೂ ಬಿಡಿಸಿ ಓಡಿಸುವ ಮಾತಾಡಲಿಲ್ಲ. ಒಬ್ಬರ ಒಳಗೆ ಹಲವರು ಇರುತ್ತಾರೆ, ದೊಡ್ಡ ಪೆಟ್ಟು ಬಿದ್ದಾಗ ಅವರು ಬೇರೆಬೇರೆಯಾಗಿ ನಿಂತುಬಿಡುತ್ತಾರೆ ಎಂದರು. ಹೆದರಿದವಳು ಹೆದರಿದ ಜಾಗದಲ್ಲೇ ಉಳಿಯುತ್ತಾಳೆ. ಇನ್ನೊಬ್ಬಳು ಏನೂ ಆಗಿಲ್ಲವೆಂದು ನಗುತ್ತ ಮನೆಕೆಲಸ ಮಾಡುತ್ತಾಳೆ. ಮತ್ತೊಬ್ಬಳು ಒಳಗೇ ಆ ಹೆದರಿದವಳನ್ನು ದಿನವಿಡೀ ಬೈಯುತ್ತಾಳೆ. ಬೈದರೆ ಮತ್ತೆ ಹಾಗಾಗಲಿಕ್ಕಿಲ್ಲ ಎಂಬ ಆಸೆ ಅವಳಿಗೆ. "ಮನೆಯಲ್ಲಿ ಹೆದರಿದ ಮಗು ಇದ್ದರೆ ಹೊರಗೆ ಹಾಕುತ್ತೀರಾ? ಹತ್ತಿರ ಕೂತು ಏನಾಯಿತು ಅಂತ ಕೇಳುತ್ತೀರಲ್ಲ, ಹಾಗೆ."

ತಂಗಿ ಪ್ರತಿ ವಾರ ಹೋಗತೊಡಗಿದಳು. ಒಳಗಿನ ಮಗುವಿಗೆ ಸಣ್ಣದು ಎಂದು ಹೆಸರಾಯಿತು. ಅವಳು ಸಣ್ಣದರ ಜೊತೆ ಮಾತಾಡುವುದನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಇವಳ ಒಳಗಿರುವವರನ್ನೂ ವಿಚಾರಿಸಲು ಜನ ಇದ್ದಾರೆ. ನನ್ನನ್ನು ಹೊರಗಿನಿಂದಲಾದರೂ ಯಾರು ವಿಚಾರಿಸಿದರು?

ಒಂದು ದಿನ ವಾಪಸು ಬರುವ ಬಸ್ಸಿನಲ್ಲಿ ತಂಗಿ ಹೇಳಿದಳು: "ಬೈವವ್ಳ್ ಒಬ್ಳ್ ಇದ್ಲಲ್ದಾ, ಅವ್ಳ್ ಯಾವಾಗ್ಳೂ ಒಂದೇ ಹೇಳುದ್. ಹೇಳದ್ ಕೇಣ್ಲಿಲ್ಲ, ಬಾ ಅಂದ್ರೂ ಬರ್ಲಿಲ್ಲ. ಅದ್ ಯಾರ್ ಸ್ವರ ಅಂತ ಮೇಡಂ ಕೇಂಡ್ರ್. ಅಮ್ಮಂದಾ ಅಂದ್ರೆ, ಅಮ್ಮ ಹಂಗ್ ಹೇಳುದಿಲ್ಲ."

ಕುಂಭಾಶಿ ದಾಟಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿದೆ. ನಾನು ಹೇಳಿದ ಸುಳ್ಳು ಇಷ್ಟು ವರ್ಷ ಅವಳ ಒಳಗೆ ಕೂತು ಅವಳನ್ನೇ ಹೊಡೆಯುತ್ತಿತ್ತು. ಅವಳದ್ದೆಲ್ಲ ನನಗೆ ಬೇಕಿತ್ತು. ಅವಳಿಗೆ ನನ್ನಿಂದ ಸಿಕ್ಕಿದ್ದು ಅದೊಂದು. ಆದರೂ ಆ ದಿನ ನಿಜ ನನ್ನ ಬಾಯಿಗೆ ಬರಲಿಲ್ಲ.

ಬಂದದ್ದು ಮುಂದಿನ ವಾರ, ಅವಳ ಮನೆಯ ಹಿಂಬದಿಯಲ್ಲಿ ಮೀನು ಕೊಯ್ಯುತ್ತ ಕೂತಾಗ. ಅಮ್ಮನೂ ಅಲ್ಲೇ ಇದ್ದಳು. ತಂಗಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತು ಕೇಳಿದಳು: "ಅಕ್ಕ, ಸಣ್ಣದ್ ಒಂದ್ ಕೇಣ್ತ್. ಕುದ್ರು ಮೇಲೆ ನನ್ನ್ ನೀನ್ ಮರ್ತ್ ಹೋದ್ದಾ, ಬಿಟ್ಟೇ ಹೋದ್ದಾ?"

ಮರೆತೆ ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು.

"ಬಿಟ್ಟೇ ಹೋದದ್" ಎಂದೆ. "ಬಾ ಅಂತ ನಾ ಕರಿಲೇ ಇಲ್ಲ. ಇಲ್ಲೇ ಕೂಕೊ ಅಂದದ್. ನೀನ್ ಹೇಳದ್ ಕೇಂಡಿದ್ದಿ."

ಅಮ್ಮನ ಕೈಯ ಕತ್ತಿ ನಿಂತಿತು. ತಂಗಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಆಮೇಲೆ, "ಸಣ್ಣದಕ್ಕ್ ಗೊತ್ತಿತ್ತ್. ನಂಗೇ ಗೊತ್ತಿರ್ಲಿಲ್ಲ" ಎಂದು ಒಳಗೆ ಹೋದಳು. ಅಮ್ಮ ನನ್ನನ್ನು ಬೈಯಲಿಲ್ಲ. ತನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಂಡಳು, ಕಡ್ಡಿ ಹಿಡಿದ ಕೈ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತಂಗಿ ನನ್ನ ಫೋನು ಎತ್ತದ ದಿನಗಳಿದ್ದವು. ಎತ್ತಿದ ದಿನ, "ನಂಗೆ ಸಿಟ್ಟಿಲ್ಲ ಅಕ್ಕ, ಸಣ್ಣದಕ್ಕ್ ಇನ್ನೂ ಇತ್ತ್. ಸ್ವಲ್ಪ ದಿನ ಕಾಯ್ಕ್" ಎಂದಳು. ಬೈಯುವವಳು ಈಗ ಮಾತು ಕಡಿಮೆ ಮಾಡಿದ್ದಾಳಂತೆ. ಈ ಸಲದ ಮಳೆಗೆ ತಂಗಿ ಅಂಗಳದ ನೀರು ನೋಡುತ್ತ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಮಗುವನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದಳು, ಆದರೆ ಮೇಜು ಹತ್ತಲಿಲ್ಲ.

ಮೊನ್ನೆ ನಾನೇ ಫೋನು ಮಾಡಿ, "ಸಣ್ಣದ್ ಎಂತ ಹೇಳ್ತ್?" ಎಂದು ಕೇಳಿದೆ.

"ಎಂತೂ ಹೇಳುದಿಲ್ಲ. ಬಂಗ್ಡಿ ಸಾರ್ ಕೇಣ್ತ್."

ತಾಜಾ ಬಂಗುಡೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಅವಳ ಒಲೆಯಲ್ಲೇ ಸಾರು ಮಾಡಿದೆ. ಬಡಿಸುವಾಗ ಸೌಟಿನಲ್ಲಿ ನಡು ತುಂಡು ಬಂತು. ಅವಳ ತಟ್ಟೆಗೆ ಹಾಕಿದೆ. ಹಾಕುವಾಗ ಅದೇ ಹಳೆಯ ಹೊಟ್ಟೆಕಿಚ್ಚು ಎದ್ದಿತು, ಇಷ್ಟೆಲ್ಲ ಆದ ಮೇಲೂ. ಈ ಸಲ ನಾನು ಅದನ್ನು ಅದುಮಲಿಲ್ಲ. ಯಾರು ನೀನು ಎಂದು ಒಳಗೇ ಕೇಳಿದೆ. ಹನ್ನೊಂದು ವರ್ಷದ ಹುಡುಗಿ, ಹಳೇ ಲಂಗ, ಕೈಯಲ್ಲಿ ಚಿಪ್ಪಿನ ಬುಟ್ಟಿ. ಅಂಗಿ ಸಿಗದವಳು, ಶಾಲೆ ಬಿಟ್ಟವಳು, ತಂಗಿಯನ್ನು ಬಿಟ್ಟುಬಂದವಳು. ಅವಳ ಮೇಲೆ ಪ್ರೀತಿ ಬರಲಿಲ್ಲ. ಕೂತ್ಕೊ ಎಂದೆ, ಅಷ್ಟೇ.

ತಂಗಿ ಮುಳ್ಳು ಬಿಡಿಸುತ್ತ ತಲೆ ಎತ್ತಿ, "ಎಂತ ನಿಂತದ್? ಪಾತ್ರೆಯಂಗೆ ಇನ್ನೂ ನಡು ತುಂಡ್ ಇತ್ತಲೆ. ನೀನೂ ಹಾಯ್ಕೊ" ಎಂದಳು.