ಅಟ್ಟದ ಕೊಬ್ಬರಿಯ ಹೊಗೆ

ಫೂ... ಫೂ... ಆಮೇಲೆ ಕೆಮ್ಮು. ಮತ್ತೆ ಫೂ...

ಹಾಗಲವಾಡಿಯಲ್ಲಿ ನನ್ನ ರಜೆಯ ಬೆಳಗುಗಳು ಶುರುವಾಗುತ್ತಿದ್ದುದೇ ಹೀಗೆ. ತುಮಕೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಮ್ಮನ್ನು ಬೆಲ್ ಎಬ್ಬಿಸುತ್ತಿತ್ತು. ಇಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಊದುಗೊಳವೆಯಲ್ಲಿ ಒಲೆ ಊದುವ ಸದ್ದು.

ಅಡುಗೆಮನೆ ಪಿಚ್ ಡಾರ್ಕ್. ತಲೆಯ ಮೇಲೆ ಬಿದಿರು ಹಾಸಿದ ಅಟ್ಟ. ಅದರ ತುಂಬ ತೆಂಗಿನಕಾಯಿ. ವರ್ಷವಿಡೀ ಅಲ್ಲೇ ಒಣಗಿ ಕೊಬ್ಬರಿಯಾಗಬೇಕು. ಒಲೆಯ ಹೊಗೆ ತಾಗುತ್ತಿದ್ದರೆ ಹುಳ ಬೀಳುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ಅತ್ತೆಯ ಸೆರಗಿಗೂ ಅದೇ ಹೊಗೆಯ ವಾಸನೆ. ಅದೇ ಅವರ ಪರ್ಫ್ಯೂಮ್ ಎಂದು ನಾನು ರೇಗಿಸುತ್ತಿದ್ದೆ.

ನಾನು ಟೀಚರ್ ಆಗುವ ಹೊತ್ತಿಗೆ ಅತ್ತೆಗೆ ಹಿತ್ತಿಲಿಗೆ ಹೋಗಿಬಂದರೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹಟ ಮಾಡಿ ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಬೀಡಿ ಸೇದ್ತೀರೇನಮ್ಮಾ?" ಎಂದರು ಡಾಕ್ಟರು.

"ನಾನ್ಯಾಕ್ ಸ್ವಾಮಿ ಸೇದ್ಲಿ! ಸೇದೋರು ಆಚೆ ಕೂತವ್ರೆ ನೋಡಿ, ಗುಂಡ್‌ಕಲ್ಲಿದ್ದಂಗೆ!"

ಆಚೆ ಬೆಂಚಿನ ಮೇಲಿದ್ದ ಮಾವ ಬೀಡಿಯನ್ನು ಥಟ್ಟನೆ ಬೆನ್ನಿನ ಹಿಂದೆ ಬಚ್ಚಿಟ್ಟರು. ಡಾಕ್ಟರು ನಕ್ಕರು. ಆಮೇಲೆ ನಗಲಿಲ್ಲ.

"ಅವರಿಗಿಂತ ಜಾಸ್ತಿ ಹೊಗೆ ನೀವೇ ಕುಡಿದಿದೀರ. ಒಲೆ ಬದಲಾಯಿಸದಿದ್ರೆ ಈ ಲಂಗ್ಸ್ ಬಹಳ ದಿನ ತಡೆಯಲ್ಲ."

ಆ ಬೇಸಗೆಯಲ್ಲೇ ಊರಿಗೆ ಹೊಗೆಯಿಲ್ಲದ ಒಲೆ ಕಟ್ಟುವವರು ಬಂದರು. ಮಾವ ಕಟ್ಟಿಸಿದರು. ಒಲೆಯಿಂದ ಹೊರಟ ಸಿಮೆಂಟ್ ಪೈಪು ಅಟ್ಟವನ್ನು ದಾಟಿ ಹೆಂಚಿನ ಮೇಲಕ್ಕೆ ಹೋಯಿತು. ಸೌದೆ ಅರ್ಧಕ್ಕರ್ಧ ಉಳಿಯಿತು. ಸೌದೆಗೆಂದು ಮಾವ ಕಣ್ಣಿಟ್ಟಿದ್ದ ರಸ್ತೆಬದಿಯ ಹೊಂಗೆಮರವೂ ಉಳಿಯಿತು.

ದಸರಾ ರಜೆಗೆ ಖುಷಿಯಾಗಿ ಹೋದೆ. ಬಾಗಿಲಲ್ಲೇ ಅದೇ ಕೆಮ್ಮು ಕೇಳಿಸಿತು. ಅಡುಗೆಮನೆಯಲ್ಲಿ ಅದೇ ಹೊಗೆ. ಮಾವ ಏಣಿ ಹತ್ತಿ ನೋಡಿದರು.

"ಲೇ! ಇಲ್ಲಿ ಪೈಪ್ ಬಿಚ್ಚಿದ್ ಯಾರೇ?"

"ಕೂಗಾಡ್ಬೇಡಿ. ನಾನೇ," ಎಂದರು ಅತ್ತೆ. "ಕೊಬ್ರಿಗೆ ಹೊಗೆ ಬ್ಯಾಡ್ವಾ? ಹುಳ ಬಿದ್ರೆ ಬಯ್ಯೋರು ಯಾರು? ಮೇಲಿನ್ ಹೊಗೆ ಅದಕ್ಕೆ, ಕೆಳಗಿನ್ ಗಾಳಿ ನಂಗೆ. ಸರಿಹೋಯ್ತಲ್ಲ!"

ಎಂಥ ಪ್ಲಾನಿಂಗ್! ಬಿದಿರಿನ ಸಂದಿಯಿಂದ ಹೊಗೆಯೆಲ್ಲ ಕೆಳಗಿಳಿದು ಮತ್ತೆ ಅವರ ಎದೆಯನ್ನೇ ಸೇರುತ್ತಿತ್ತು.

ಮಾವ ಏಣಿಯಿಂದ ಅಟ್ಟಕ್ಕೇ ಹತ್ತಿ ಕೂತರು. ಆಮೇಲೆ ಒಂದೊಂದೇ ಕಾಯಿ ನನ್ನ ಕೈಗೆ ಇಳಿಸತೊಡಗಿದರು.

"ಎಲ್ಲಾ ನಡುಮನೆ ಅಟ್ಟಕ್ಕೆ ಹಾಕಣ. ಹುಳ ತಿಂದ್ರೆ ತಿನ್ಲಿ ಬುಡು."

"ಅಷ್ಟನ್ನೂ ತಿಂದ್ರೆ?" ಎಂದರು ಅತ್ತೆ.

"ಮತ್ತೆ ಬೆಳ್ಕೊಂಡ್ರಾಯ್ತು. ನೀನಿರು ಮೊದ್ಲು."

ಅತ್ತೆ ಊದುಗೊಳವೆ ಎತ್ತಿಕೊಂಡರು. ಚೆನ್ನಾಗಿ ಉರಿಯುತ್ತಿದ್ದ ಒಲೆಯನ್ನೇ ಸುಮ್ಮಸುಮ್ಮನೆ ಊದತೊಡಗಿದರು. ಮಾವ ಪೈಪು ಕೂಡಿಸಿ, ಸಂದಿಗೆ ಮಣ್ಣು ಮೆತ್ತಿ, ಏಣಿಯನ್ನು ಕೊಟ್ಟಿಗೆಗೆ ಸಾಗಿಸಿಬಿಟ್ಟರು.

ಗ್ಲೋಬಲ್ ವಾರ್ಮಿಂಗ್ ಎಂಬ ಮಾತು ಆಗ ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ಸೌದೆ ಒಲೆಯ ಮಸಿ ಭೂಮಿಯನ್ನೂ ಬಿಸಿ ಮಾಡುತ್ತದೆ, ಹೆಂಗಸರ ಎದೆಯನ್ನೂ ಸುಡುತ್ತದೆ ಎಂದು ಈಗ ಪೇಪರಿನಲ್ಲಿ ಓದುವಾಗ ನನಗೆ ಆ ಬಿದಿರಿನ ಸಂದಿಗಳೇ ಕಾಣುತ್ತವೆ.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಬೇಸಗೆಯಲ್ಲಿ. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೂ ಗುಬ್ಬಿ ಬಸ್ಸಿಗೆ ಕಳಿಸಲು ಮಾವನ ಜೊತೆ ರಸ್ತೆಯವರೆಗೂ ನಡೆದುಬಂದರು. ಹೊಂಗೆಮರದ ನೆರಳಿನಲ್ಲಿ ಅಪ್ಪಿಕೊಂಡೆ. ಸೆರಗಿನಲ್ಲಿ ಹೊಗೆಯ ವಾಸನೆ ಇರಲಿಲ್ಲ. ಬರೀ ಸೋಪಿನ ವಾಸನೆ. ಸಿಲ್ಲಿ ಅನ್ನಿಸಬಹುದು, ಆ ಪರ್ಫ್ಯೂಮ್ ಇಲ್ಲವಲ್ಲ ಎಂದು ಒಂದು ಕ್ಷಣ ಪಿಚ್ಚೆನಿಸಿತು.

ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಮರದ ಕೆಳಗೆ ಅತ್ತೆ ಯಾವುದಕ್ಕೋ ಮಾವನನ್ನು ಬಯ್ಯುತ್ತ ನಿಂತಿದ್ದರು, ನಡುವೆ ಉಸಿರಿಗೂ ನಿಲ್ಲದೆ.