ಕನ್ನಡಿ ಮೇಸ್ತ್ರಿ ಉಜ್ಜಿದ ಮೇಜು

ಮರದ ಮೇಲೆ ಗೀರು ಕಂಡರೆ ಕನ್ನಡಿ ಮೇಸ್ತ್ರಿಗೆ ಅನ್ನ ಸೇರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೂ ಅಷ್ಟೇ. ಕೂರಲು ಕುರ್ಚಿ ಕೊಟ್ಟರೆ ಮೊದಲು ಅದರ ಕೈಯನ್ನು ಅಂಗೈಯಿಂದ ಸವರಿ, ತುಟಿ ಒತ್ತಿ, ಆಮೇಲೆ ಕೂರುತ್ತಿದ್ದರು. ಅವರು ಪಾಲಿಶ್ ಮಾಡಿದ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಎಂದು ಯಾರೋ ಒಮ್ಮೆ ಅಂದದ್ದೇ ಹೆಸರಾಗಿ ಉಳಿಯಿತು. "ಇರಿ, ಒಂದಿನ ನನ್ನ ಮುಖದ ಸುಕ್ಕಿಗೂ ಮರ ಉಜ್ಜೋ ಉಪ್ಪುಕಾಗದ ಹಿಡ್ಕೊಂಡು ಬರ್ತಾರೆ" ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ತಪ್ಪು ಪೂರ್ತಿ ಅವರದಲ್ಲ. ಕೆಲಸ ಕಲಿಸಿದ ಮಾವ ಅಂಥ ಗಟ್ಟಿ ಆಸಾಮಿ. ಒಂದೇ ಒಂದು ಮೊಣಕಾಲೆತ್ತರದ ಸ್ಟೂಲನ್ನು ಕೊಟ್ಟು, ಅದರ ಮೇಲೆ ಉಕ್ಕಿನ ಸ್ಕೇಲು ನಿಲ್ಲಿಸಿದರೆ ಕೆಳಗಿನಿಂದ ಬೆಳಕು ತೂರಬಾರದು, ಅಲ್ಲಿಯವರೆಗೆ ಮದುವೆಯ ಮಾತೇ ಎತ್ತಬೇಡ ಎಂದಿದ್ದನಂತೆ. ಹನ್ನೊಂದು ತಿಂಗಳು ಉಜ್ಜಿದರು. ಹಾಗೆ ಗೆದ್ದ ಹೆಂಡತಿ, ಹಾಗೆ ಗೆದ್ದ ಕೈ. ನಲವತ್ತು ವರ್ಷ ಆ ಕೈಗೆ ಯಾರೂ ಬೆರಳು ತೋರಿಸಿರಲಿಲ್ಲ.

ಅಂಥವರ ಅಂಗಡಿಗೆ ಶಾಲೆಯ ಪೀಟಿ ಟೀಚರ್ ಬಂದು ಒಂದು ಪತ್ರಿಕೆಯ ಹಾಳೆ ಬಿಡಿಸಿ ಹಿಡಿದಳು. ಫಾರ್ಮ್‌ಹೌಸ್ ಸ್ಟೈಲಿನ ಹಾಲ್. ಸುಣ್ಣ ಬಳಿದಂಥ ಗೋಡೆ, ತಲೆಯ ಮೇಲೆ ಒರಟು ತೊಲೆಗಳು, ಅಗಲ ಹಲಗೆಯ ಬೆಂಚು, ಬೆತ್ತದ ಬುಟ್ಟಿಗಳು, ಹಾಲಿನ ಕ್ಯಾನಿನಲ್ಲಿ ಹೂವು.

"ಮೇಸ್ತ್ರಿ, ನಮ್ಮ ಹಾಲ್ ಹಿಂಗಾಗ್ಬೇಕು."

"ಟೀಚರಮ್ಮ, ನಿಮ್ಮದು ಮೂರನೇ ಮಹಡಿ. ಟೈಲ್ಸು ಹೊಳೀತಾ ಇದೆ. ಹೊಸದನ್ನ ಹಳೇದು ಮಾಡಿ ಅಂತೀರಲ್ಲ, ನಾನೇನು ಉಲ್ಟಾ ಹುಟ್ಟಿದ್ದೀನಾ?"

"ಚಂದಕ್ಕಲ್ಲ ಮೇಸ್ತ್ರಿ. ನಮ್ಮತ್ತೆಗೆ."

ಅತ್ತೆಗೆ ಕಣ್ಣು ಹೋಗಿ ಹನ್ನೆರಡು ವರ್ಷ. ಹೊಲದ ನಡುವಿನ, ಈ ಚಿತ್ರದಂಥದೇ ತಮ್ಮ ಮನೆಯಲ್ಲಿ ಮಾತ್ರ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ನಡುಮನೆಗೆ ದಡದಡ ಓಡಾಡಿಕೊಂಡಿದ್ದ ಹೆಂಗಸು. ಆ ಮನೆಯ ಮೇಲೆ ರಸ್ತೆ ಹಾದು, ಮನೆ ಹೋಯಿತು. ಮಗ ಸೊಸೆ ಕರೆತಂದರು. ಇಲ್ಲಿಗೆ ಬಂದು ಎಂಟು ತಿಂಗಳು, ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಎದ್ದಿಲ್ಲ. ಕೈ ಹಿಡಿದರೆ ಬರುತ್ತಾರೆ, ಬಿಟ್ಟರೆ ನಿಂತಲ್ಲೇ ನಿಲ್ಲುತ್ತಾರೆ. ಗೋಡೆ ಮುಟ್ಟಿದರೆ ನುಣ್ಣಗೆ, ಬಾಗಿಲು ಮುಟ್ಟಿದರೆ ನುಣ್ಣಗೆ, ಎಲ್ಲಿದ್ದೇನೆಂದೇ ತಿಳಿಯುವುದಿಲ್ಲವಂತೆ.

"ಹೋದ ವಾರ ನನ್ನ ಕೇಳಿದ್ರು, ನಾನು ಯಾರ ಮನೇಲಿದ್ದೀನಮ್ಮ ಅಂತ" ಎಂದಳು ಟೀಚರ್. ಮೇಸ್ತ್ರಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹದಿನೈದು ದಿನ ಅತ್ತೆಯನ್ನು ನಾದಿನಿಯ ಮನೆಗೆ ಕಳಿಸಿ ಕೆಲಸ ಶುರುವಾಯಿತು. ಟೀಚರ್ ಓಟದ ಟ್ರ್ಯಾಕಿಗೆ ಗೆರೆ ಹಾಕುವ ಸುಣ್ಣದ ಪುಡಿ ತಂದು ಹಾಲ್‌ನ ನೆಲದ ಮೇಲೆ ಗೆರೆ ಎಳೆದಳು. ಹಳೆಯ ಮನೆ ಬೀಳುವ ಮುಂಚೆ ಅತ್ತೆಯ ಹೆಜ್ಜೆಗಳನ್ನು ಎಣಿಸಿ ಬರೆದಿಟ್ಟುಕೊಂಡಿದ್ದಳು. ಬಾಗಿಲಿನಿಂದ ಬೆಂಚಿಗೆ ನಾಲ್ಕು, ಬೆಂಚಿನಿಂದ ಮೇಜಿಗೆ ಐದು, ಮೇಜಿನಿಂದ ಕಿಟಕಿಗೆ ಮೂರು. ಅತ್ತೆ ಗಿಡ್ಡ, ಟೀಚರ್ ಉದ್ದ. ಹಾಗಾಗಿ ಆರಡಿ ಮಹಾತಾಯಿ ಮಂಡಿ ಬಗ್ಗಿಸಿ, ಅತ್ತೆಯ ಹೆಜ್ಜೆಯಲ್ಲಿ ತಾನೇ ಪುಟುಪುಟು ನಡೆದು ಜಾಗ ಗುರುತು ಮಾಡಿದಳು. ಮೇಸ್ತ್ರಿ ನಗು ತಡೆಯಲು ಹೋಗಿ ಕೆಮ್ಮಿದರು. ನಗುವಿನ ಹಿಂದೆಯೇ ಅವರಿಗೆ ಆಶ್ಚರ್ಯವೂ ಆಯಿತು. ಸೊಸೆಯೊಬ್ಬಳು ಅತ್ತೆಯ ಹೆಜ್ಜೆ ಎಣಿಸಿಟ್ಟುಕೊಂಡದ್ದನ್ನು ಅವರು ಎಲ್ಲೂ ಕಂಡಿರಲಿಲ್ಲ.

ಗೋಡೆಗೆ ದಪ್ಪ ಮರಳಿನ ಗಾರೆ ಬಿತ್ತು, ಅದರ ಮೇಲೆ ಸುಣ್ಣದ ಬಿಳುಪು. ಕೆಡವಿದ ಗೋದಾಮಿನಿಂದ ತೊಲೆಗಳು ಬಂದವು. ಬೆಂಚಿಗೆ ಒರಟು ಹತ್ತಿಯ ಹಾಸು, ಕಾಲಡಿಗೆ ಉಣ್ಣೆಯ ಚಾಪೆ, ಮೂಲೆಗೆ ನಿಜವಾದ ಹಾಲಿನ ಕ್ಯಾನು. ಕೊನೆಯಲ್ಲಿ ಟೀಚರ್ ಗಂಡ ನಾಲ್ಕು ಜನರನ್ನು ಸೇರಿಸಿ ಹಳೆಯ ಮನೆಯ ಮೇಜನ್ನೇ ಮೆಟ್ಟಿಲು ಹತ್ತಿಸಿದ. ಉಳಿದಿದ್ದು ಅದೊಂದೇ. ಒಂದು ಕಾಲು ಅಲ್ಲಾಡುತ್ತಿತ್ತು.

"ಕಾಲು ಮಾತ್ರ ಭದ್ರ ಮಾಡಿ ಮೇಸ್ತ್ರಿ" ಎಂದು ಟೀಚರ್ ಶಾಲೆಗೆ ಓಡಿದಳು. ಎರಡು ದಿನ ಕ್ರೀಡಾಕೂಟ, ಅವಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

ಕಾಲು ಭದ್ರವಾಗಲು ಅರ್ಧ ಗಂಟೆ ಸಾಕಾಯಿತು. ಆಮೇಲೆ ಮೇಸ್ತ್ರಿ ಮೇಜಿನ ಮೇಲೆ ಅಂಗೈ ಇಟ್ಟರು. ಏನು ಮೇಜು ಅದು! ಉದ್ದಕ್ಕೂ ಚಾಕುವಿನ ಗೀರು, ಚಮಚ ಕುಟ್ಟಿದ ಗುಳಿ, ಒಂದು ಅಂಚಿನಲ್ಲಿ ಬಿಸಿ ಪಾತ್ರೆ ಇಟ್ಟು ಸುಟ್ಟ ಕರಿ ಉಂಗುರ. ಸವರುವಾಗ ಬೆರಳಿಗೆ ಸಿಬಿರು ಹೊಕ್ಕಿತು. ಕಣ್ಣಿರುವ ನನಗೇ ಚುಚ್ಚಿತಲ್ಲ, ಕಾಣದ ಮುದುಕಿಯ ಗತಿಯೇನು ಎಂದು ಜೀವ ಚುರ್ರೆಂದಿತು. ಮರ ಹೆರೆಯುವ ಹತ್ತರಿ ಎತ್ತಿಕೊಂಡರು.

ಎರಡು ದಿನ ಹೊಡೆದದ್ದೇ ಹೊಡೆದದ್ದು. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದು, ಕೆಳಗಿನಿಂದ ಹೊಸ ಮೈ ಎದ್ದಿತು. ಉಂಗುರವೊಂದು ಮಾತ್ರ ಹಟ ಹಿಡಿದಿತ್ತು. ಅದನ್ನು ಬೇರೆಯಾಗಿಯೇ ಉಜ್ಜಿ, ಬೆವರು ಹರಿಸಿ, ಹುಟ್ಟಡಗಿಸಿದರು. ಮೇಲೆ ಎಣ್ಣೆಯ ಪಾಲಿಶ್. ತಮ್ಮ ಜೀವಮಾನದ ಕೆಲಸ ಎಂದು ಒಳಗೊಳಗೇ ಹಿಗ್ಗಿದರು.

ಟೀಚರ್ ಬಂದು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಮೇಸ್ತ್ರಿ, ಏನ್ಮಾಡ್ಬಿಟ್ರಿ? ಆ ಸುಟ್ಟ ಉಂಗುರ ನಮ್ಮತ್ತೆ ಕೂರೋ ಜಾಗ. ಅದನ್ನ ಮುಟ್ಟೇ ಅವ್ರು ಇಡೀ ಮನೆ ತಿಳ್ಕೊತಿದ್ರು. ಅಲ್ಲಿಂದ ಎಡಕ್ಕೆ ಕಿಟಕಿ, ಬಲಕ್ಕೆ ಬೆಂಚು."

"ಕೈಗೆ ಚುಚ್ಚಬಾರದು ಅಂತ…" ಎಂದರು ಮೇಸ್ತ್ರಿ. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಅವಳು ಬೈಯಲಿಲ್ಲ, ಕರ್ಚೀಫಿನಿಂದ ಮುಖ ಒರೆಸಿಕೊಂಡು, "ಅತ್ತೆ ನಾಳೆ ಬರ್ತಾರೆ" ಎಂದಳು ಅಷ್ಟೇ.

ಆ ರಾತ್ರಿ ಅವರಿಗೆ ಅನ್ನ ಸೇರಲಿಲ್ಲ. ಉಂಗುರವನ್ನು ಮತ್ತೆ ಸುಟ್ಟುಬಿಡಲೇ ಎಂದು ಯೋಚಿಸಿದರು. "ಸುಳ್ಳು ಉಂಗುರ ಅವರ ಬೆರಳಿಗೆ ಗೊತ್ತಾಗಲ್ವಾ? ಹೋಗಿ ತಪ್ಪಾಯ್ತು ಅಂತ ಹೇಳಿ" ಎಂದಳು ಹೆಂಡತಿ. ಮರುದಿನ ಬೆಳಗ್ಗೆ ಹೋಗಿ ಹಾಲ್‌ನ ಗೋಡೆಗೆ ಆತು ನಿಂತರು. ಓಡಿಹೋಗಲು ಕಾಲು ತವಕಿಸುತ್ತಿತ್ತು.

ಅತ್ತೆ ಬಂದರು. ಗಿಡ್ಡನೆಯ, ಒಣ ಕಡ್ಡಿಯಂಥ ಜೀವ. ಹೊಸ್ತಿಲು ದಾಟಿ ಕೈ ಚಾಚಿ ಗೋಡೆ ಮುಟ್ಟಿದರು. ಬೆರಳು ಗಾರೆಯ ಮೇಲೆ ನಿಂತಿತು. ಇನ್ನೊಮ್ಮೆ ಮುಟ್ಟಿದರು. ಸೊಸೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಒಂದು ಹೆಜ್ಜೆ ಇಟ್ಟರು. ಎರಡು, ಮೂರು, ನಾಲ್ಕು. ಮಂಡಿಗೆ ಬೆಂಚು ತಾಗಿತು. ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡಳು. ಅಲ್ಲಿಂದ ಐದು. ಮೇಜು.

ಎರಡೂ ಕೈ ಮೇಜಿನ ಮೇಲೆ ಬಂದವು, ಬಂದಷ್ಟೇ ಬೇಗ ಹಿಂದೆ ಸರಿದವು.

"ಇದ್ಯಾರದು ಮೇಜು?"

ಮೇಸ್ತ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. "ನಿಮ್ಮದೇ ಅಮ್ಮ. ಉಜ್ಜಿ ಹಾಳು ಮಾಡಿದವನು ನಾನು. ನಿಮ್ಮ ಗುರುತೆಲ್ಲ ಅಳಿಸಿಬಿಟ್ಟೆ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

ಮುದುಕಿ ಅಂಚು ಹಿಡಿದು ಬೆರಳ ತುದಿಗಳಿಂದ ಮೇಜನ್ನು ಓದತೊಡಗಿದರು. ಇಂಚು ಇಂಚಾಗಿ, ಅವಸರವೇ ಇಲ್ಲದೆ. ಆ ಬೆರಳುಗಳನ್ನು ನೋಡುತ್ತ ಮೇಸ್ತ್ರಿ ಉಸಿರು ಬಿಡುವುದನ್ನೇ ಮರೆತರು. ಅವರ ಮಾವನ ಕೈಯೂ ಮರವನ್ನು ಹಾಗೆ ಮುಟ್ಟಿರಲಿಲ್ಲ. ಬೆರಳು ಒಂದು ಕಡೆ ನಿಂತಿತು. ಹಿಂದೆ ಬಂತು. ಮತ್ತೆ ಅಲ್ಲೇ ನಿಂತಿತು.

"ಇಲ್ಲಿ ಬಾರಪ್ಪ. ಇಲ್ಲಿ ಒಂಚೂರು ತಗ್ಗಿದೆ."

"ಇರೋಕೆ ಸಾಧ್ಯ ಇಲ್ಲ ಅಮ್ಮ" ಎಂದರು ಮೇಸ್ತ್ರಿ. ಅಭ್ಯಾಸಬಲ.

"ಉಂಗುರ ತೆಗೆಯೋಕೆ ಬಹಳ ಒದ್ದಾಡಿದ್ದೀಯ."

ಮೇಸ್ತ್ರಿ ಚೀಲದಿಂದ ಉಕ್ಕಿನ ಸ್ಕೇಲು ತೆಗೆದು ಅಲ್ಲಿ ನಿಲ್ಲಿಸಿ, ಬಗ್ಗಿ ನೋಡಿದರು. ಸ್ಕೇಲಿನ ಕೆಳಗೆ ಕೂದಲೆಳೆಯಷ್ಟು ಬೆಳಕು ತೂರುತ್ತಿತ್ತು. ಹೆಚ್ಚು ಉಜ್ಜಿ ಉಜ್ಜಿ ತಮಗೇ ತಿಳಿಯದಂತೆ ಆ ಜಾಗವನ್ನು ತಗ್ಗು ಮಾಡಿದ್ದರು. ನಲವತ್ತು ವರ್ಷದಲ್ಲಿ ಅವರ ಕೆಲಸದಲ್ಲಿ ಹುಳುಕು ಹಿಡಿದವರು ಇವರೇ ಮೊದಲು, ಅದೂ ಕಣ್ಣಿಲ್ಲದವರು. ಅವಮಾನವಾಗಬೇಕಿತ್ತು. ಆದರೆ ಮೈ ಜುಮ್ಮೆಂದು, ಎರಡೂ ಕೈ ತಾವಾಗಿ ಜೋಡಿಸಿಕೊಂಡವು.

ಮುದುಕಿ ಆ ತಗ್ಗಿನ ಮುಂದೆ ಕುರ್ಚಿ ಎಳೆದು ಕೂತರು. "ಹಂಗಾದ್ರೆ ಎಡಕ್ಕೆ ಕಿಟಕಿ" ಎಂದು ಎದ್ದು ಮೂರು ಹೆಜ್ಜೆ ಹೋಗಿ ಕಿಟಕಿ ತೆರೆದರು. ಗಾಳಿ ಬಂತು. ಯಾರನ್ನೂ ಹಿಡಿಯದೆ ವಾಪಸು ಬಂದು ಅದೇ ಜಾಗದಲ್ಲಿ ಕೂತು, "ಏನಮ್ಮ, ಅಡುಗೆಗೆ ಹೆಚ್ಚೋದು ಏನಿದೆ ನಮ್ಮನೇಲಿ?" ಎಂದು ಕೇಳಿದರು.

ಟೀಚರ್ ಅಳುತ್ತಲೇ ಬೀನ್ಸು ತಂದಳು, ಚಾಕು ತಂದಳು. ಮುದುಕಿ ಒಂದು ಹಿಡಿ ಬೀನ್ಸನ್ನು ಪಾಲಿಶಿನ ಮೇಲೇ ಇಟ್ಟು ಚಾಕು ಎತ್ತಿದರು.

"ಅಮ್ಮಾ! ಕೆಳಗೆ ಮಣೆ ಇಟ್ಕೊಳ್ಳಿ!" ಮೇಸ್ತ್ರಿಯ ಬಾಯಿಂದ ಬಂದೇಬಿಟ್ಟಿತು.

"ಇದೇ ಅಲ್ವೇನಪ್ಪ ನನ್ನ ಮಣೆ?"

ಟಕ್. ಟಕ್. ಟಕ್. ಮೊದಲ ಏಟಿಗೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣನ್ನು ಹಾಗೇ ಇಟ್ಟುಕೊಂಡು ಕೈ ಚಾಚಿ, ಬೀನ್ಸಿನ ಚೂರುಗಳ ನಡುವೆ ಬೆರಳಾಡಿಸಿದರು. ಹೊಸ ಗೀರು ಹುಡುಕಿದರು.

"ಸಿಕ್ತಾ?" ಎಂದರು ಮುದುಕಿ.

"ಸಿಕ್ತು ಅಮ್ಮ. ಮೂರು."