ಹಾಳುಬಾವಿಯಲ್ಲಿ ಕೇಳಿಸಿದ ದನಿ

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಸ್ಟಾಫ್‌ರೂಮಿನಲ್ಲಿ ಯಾರಾದರೂ ದೆವ್ವ, ಅಶರೀರವಾಣಿ ಎಂದು ಶುರು ಮಾಡಿದರೆ ಮೊದಲು ನಗುತ್ತಿದ್ದವಳು ನಾನೇ. “ಅವತ್ತು ಹೊಟ್ಟೆಗೆ ಏನು ತಿಂದಿದ್ರಿ?” ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಮ್ಮ ಮನೆ ಕೊರಟಗೆರೆಯಲ್ಲಿ. ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಸ್ಕೂಟರ್ ಹತ್ತುವುದು ನನ್ನ ಹುಚ್ಚು. ಚನ್ನರಾಯನದುರ್ಗದ ಬಂಡೆಯ ಮೇಲಿನ ಓತಿಕ್ಯಾತವಾದರೂ ಸರಿ, ಶಿರಾ ಪೇಟೆಯ ಖಾಲಿ ಸೈಟಿನಲ್ಲಿ ಅರಳಿದ ಉಮ್ಮತ್ತಿಯಾದರೂ ಸರಿ.

ಐದು ವರ್ಷದ ಹಿಂದೆ, ಮಳೆ ಬಿಡುವು ಕೊಟ್ಟಿದ್ದ ಒಂದು ಭಾನುವಾರ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿರುವ ಹುಲ್ಲುಗಾವಲಿಗೆ ಹೋಗಿದ್ದೆ. ಮೃಗಗಳು ನನ್ನನ್ನು ಕಂಡ ಕೂಡಲೇ ದೂರ ಹಾರಿದವು. ಸರಿ, ನೆಲ ನೋಡೋಣವೆಂದು ಹುಲ್ಲಿಗೆ ಬಂದೆ. ಅಲ್ಲಿ ವಿಷ್ಣುಕ್ರಾಂತಿ ಅರಳಿತ್ತು. ಅಂಗಿಯ ಗುಂಡಿಗಿಂತ ಚಿಕ್ಕ ನೀಲಿ ಹೂವು. ಮಧ್ಯಾಹ್ನ ಕಳೆದರೆ ಮುದುಡಿಬಿಡುತ್ತದೆ. ಹನ್ನೊಂದರಿಂದ ಒಂದೂವರೆಯವರೆಗೆ ಹೊಟ್ಟೆಯ ಮೇಲೆ ಮಲಗಿ ಅದರ ಫೋಟೋ ತೆಗೆದೆ. ಆಮೇಲೆ ಡಬ್ಬಿಯ ಚಿತ್ರಾನ್ನ ತಿಂದು ಮರದ ನೆರಳಲ್ಲಿ ಮೃಗಗಳಿಗಾಗಿ ಕಾದೆ. ಅವು ಹತ್ತಿರ ಬರಲಿಲ್ಲ.

ನಾಲ್ಕೂವರೆಗೆ ಹುಲ್ಲುಗಾವಲಿನ ಇನ್ನೊಂದು ಮಗ್ಗುಲಿಗೆ, ಎರಡು ಕಿಲೋಮೀಟರಿಗೆ ಕಮ್ಮಿಯಿಲ್ಲದಷ್ಟು ದೂರ, ಸ್ಕೂಟರಿನಲ್ಲಿ ಸುತ್ತಿಕೊಂಡು ಬಂದೆ. ಬೇಲಿಯಾಚೆ ಬೀಳು ಹೊಲದಲ್ಲಿ ಕುರಿಗಳು ಗುಂಡಗೆ ನಿಂತಿದ್ದವು. ಒಂದೂ ಮೇಯುತ್ತಿರಲಿಲ್ಲ. ಕಾಯುವವರು ಕಾಣಲಿಲ್ಲ. ಒಳ್ಳೆ ಚಿತ್ರ ಎಂದುಕೊಂಡು ಹತ್ತಿರ ಹೋದರೆ, ಅವು ನಿಂತದ್ದು ಕಟ್ಟೆಯಿಲ್ಲದ ಹಾಳುಬಾವಿಯ ಸುತ್ತ.

ಬಗ್ಗಿ ನೋಡಿದೆ. ನಾಲ್ಕಾಳು ಆಳದಲ್ಲಿ, ಗೋಡೆಯಿಂದ ಚಾಚಿದ ಒಂದು ಚಪ್ಪಡಿಯ ಮೇಲೆ ಮುದುಕನೊಬ್ಬ ಒರಗಿ ಕೂತಿದ್ದ. ಒಂದು ಕಾಲು ತೊಡೆಯಿಂದ ಸೊಟ್ಟಗಾಗಿತ್ತು. ಕೆಳಗೆ ಹಸಿರುಗಟ್ಟಿದ ನೀರು. ಮೊಳದಷ್ಟು ಜರುಗಿದ್ದರೂ ಅವನು ನೀರಿನ ಪಾಲು.

ನಾನು ಬಾಯಿ ತೆರೆಯುವ ಮೊದಲೇ ಅವನು ತಲೆಯೆತ್ತದೆ ಹೇಳಿದ: “ಬಂದ್ಯಾ ತಾಯಿ? ನಾನ್ ಅಲ್ಲಾಡಿಲ್ಲ ಕಣಮ್ಮ, ನೀನ್ ಹೇಳ್ದಂಗೇ ಅವ್ನಿ.”

ನೋವಿಗೆ ಬಡಬಡಿಸುತ್ತಿದ್ದಾನೆ ಎಂದುಕೊಂಡೆ. ಓಡಿಹೋಗಿ ಕೂಗಿದೆ. ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ನಾಲ್ಕು ಜನ ಹಗ್ಗ ಹಿಡಿದು ಬಂದರು, ಒಬ್ಬರು ಮನೆಯಿಂದ ಮಂಚವನ್ನೇ ಹೊತ್ತು ತಂದರು. ಮೇಲೆ ತರಲು ಒಂದು ಗಂಟೆ ಹಿಡಿಯಿತು. ಗೂಡ್ಸ್ ಆಟೋದಲ್ಲಿ ಮಧುಗಿರಿ ಆಸ್ಪತ್ರೆಗೆ ಹೊರಟಾಗ ಅವನ ಪಕ್ಕ ನಾನು ಕೂತೆ.

ಅವನ ಹೆಸರು ಸಣ್ಣೀರಪ್ಪ. ಪಾವಗಡದ ಬಲಸಮುದ್ರದವನು. ಮೇವು ಹುಡುಕಿಕೊಂಡು ಕುರಿ ಹೊಡೆದುಕೊಂಡು ಬಂದಿದ್ದ. ಜೊತೆಯವರು ಮುಂದೆ ಹೋಗಿದ್ದರು. ಮರಿಯೊಂದನ್ನು ಹಿಡಿಯಲು ಹೋಗಿ ಕಾಲು ಜಾರಿತ್ತು. ಬೆಳಗ್ಗೆ ಬಿಸಿಲೇರಿದ ಹೊತ್ತಿಗೆ ಬಿದ್ದನಂತೆ.

“ಎದ್ದು ಹತ್ತಾನ ಅಂತಿದ್ದೆ ಕಣಮ್ಮ. ನೀನ್ ಬುಡ್ಲಿಲ್ಲ. ಅಲ್ಲಾಡ್ಬೇಡ, ಹಂಗೇ ಇರು, ಆಯ್ತು, ಆಯ್ತು ಅಂತ ಕಿವಿ ತಾವೇ ಕೂತು ಹೇಳ್ದೆ.” ಆ ನೋವಿನಲ್ಲೂ ಅವನಿಗೆ ನಗು ಬಂತು. “ಚಿನ್ನಿ ಅಂದೆ ನನ್ನ! ಎಪ್ಪತ್ತು ದಾಟಿರೋ ಮುದ್ಕನ್ನ ಚಿನ್ನಿ ಅಂತಾರಾ ಯಾರಾದ್ರೂ?”

ನನಗೊಂದು ಅಭ್ಯಾಸವಿದೆ, ಮನೆಯವರಿಗೂ ಗೊತ್ತಿಲ್ಲ. ಹೂವಿನ ಫೋಟೋ ತೆಗೆಯುವಾಗ ಗಾಳಿಗೆ ಅದು ತೂಗಿದರೆ ಪಿಸುದನಿಯಲ್ಲಿ ಮಾತಾಡಿಸುತ್ತೇನೆ. ಅಲ್ಲಾಡ್ಬೇಡ ಚಿನ್ನಿ, ಹಂಗೇ ಇರು, ಆಯ್ತು, ಆಯ್ತು. ಅವತ್ತೂ ಎರಡೂವರೆ ಗಂಟೆ ಅದನ್ನೇ ಹೇಳಿದ್ದೆ. ಆ ಪಿಸುಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸುವುದು ಕಷ್ಟ.

“ಎಷ್ಟೊತ್ತಿನವರ್ಗೂ ಕೇಳಿಸ್ತು?” ಎಂದೆ.

“ಬಿಸ್ಲು ವಾಲೋವರ್ಗೂ. ಆಮ್ಯಾಕೆ ಸುಮ್ಕಾದೆ. ಬತ್ತೀಯ ಅಂತ ನಾನೂ ಸುಮ್ಕೆ ಕೂತೆ.”

ಬಾವಿಯಲ್ಲಿ ನನ್ನ ದನಿ ಅವನಿಗೆ ಕೇಳಿಸಿದ್ದು ಹೇಗೆ ಎಂದು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಡಾಕ್ಟರು ನಕ್ಕರು. ಪೆಟ್ಟು ಬಿದ್ದವರಿಗೆ ದನಿ ಕೇಳಿಸುವುದು ಹೊಸದಲ್ಲ, ಅಲ್ಲಾಡಬೇಡ ಎನ್ನುವುದು ಯಾರ ಬಾಯಲ್ಲೂ ಬರುವ ಮಾತು ಎಂದರು. ನಾನು ತರಗತಿಯಲ್ಲಿ ಹೇಳಿಕೊಡುವುದೂ ಅಂಥ ಉತ್ತರವನ್ನೇ. ಗಾಳಿಯ ದಿಕ್ಕು, ಬಾವಿಯೊಳಗಿನ ಮಾರ್ದನಿ, ಎಲ್ಲ ಲೆಕ್ಕ ಹಾಕಿದೆ. ಆದರೆ ಚಿನ್ನಿ ಎಂಬ ಒಂದು ಮಾತು ಯಾವ ಲೆಕ್ಕಕ್ಕೂ ಕೂಡಿಕೊಳ್ಳಲಿಲ್ಲ.

ನಾಲ್ಕು ತಿಂಗಳ ಮೇಲೆ ಬಲಸಮುದ್ರಕ್ಕೆ ಹೋದೆ. ಕಣ್ಣು ಹಾಯುವವರೆಗೂ ಸೋಲಾರ್ ಪ್ಯಾನೆಲ್ಲು. ಅದರ ಮಗ್ಗುಲಲ್ಲೇ ಅವನ ಮನೆ. ಕೋಲು ಊರಿಕೊಂಡು ಹಟ್ಟಿಯಿಂದ ನಡೆದು ಬಂದ. ಮಜ್ಜಿಗೆ ಕೊಡಿಸಿದ. ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದೆ ಹೇಳಿಬಿಟ್ಟೆ: ಆ ಮಾತು ನನ್ನದೇ ಇರಬಹುದು, ಆದರೆ ನಿನಗೆ ಹೇಳಿದ್ದಲ್ಲ, ನೀನು ಬಾವಿಯಲ್ಲಿರುವುದೇ ನನಗೆ ಗೊತ್ತಿರಲಿಲ್ಲ, ನಾನು ಹೇಳಿದ್ದು ಒಂದು ಹೂವಿಗೆ.

ಸಣ್ಣೀರಪ್ಪನಿಗೆ ಬೇಸರವಾಯಿತೇನೋ ಎಂದು ನಾನು ಹೆದರಿದೆ.

“ಆ ಹೂ ನಿನ್ ಮಾತ್ ಕೇಳ್ತಾ?” ಎಂದ.

ಇಲ್ಲ ಎಂದೆ. ನಿಜವಾಗಿಯೂ ಅವತ್ತು ಗಾಳಿ ನಿಲ್ಲಲೇ ಇಲ್ಲ. ಒಂದು ಫೋಟೋವೂ ಸರಿಯಾಗಿ ಬಂದಿರಲಿಲ್ಲ.

“ನಾನ್ ಕೇಳ್ದೆ ನೋಡು,” ಎಂದು ಅವನು ಲೋಟ ಕೆಳಗಿಟ್ಟ.